ಸೋಫಾದ ಮೇಲೆ ಕೂತವರು

ನಮ್ಮ ಕಚೇರಿ ಇರುವುದು ಒಂದು ಪೀಠೋಪಕರಣದ ಅಂಗಡಿಯಲ್ಲಿ. ಯುದ್ಧಕ್ಕೆ ಮುಂಚೆ ಇಲ್ಲಿ ಮಂಚ, ಮೇಜು, ಕಪಾಟು ಮಾರುತ್ತಿದ್ದರು. ಯುದ್ಧ ಮುಗಿದ ಮೇಲೆ ಸತ್ತವರನ್ನು ಎಣಿಸಲು ದೊಡ್ಡ ಜಾಗ ಬೇಕೆಂದು ಸರ್ಕಾರ ಹುಡುಕಿದಾಗ, ಊರಲ್ಲಿ ಛಾವಣಿ ಉಳಿಸಿಕೊಂಡಿದ್ದ ದೊಡ್ಡ ಜಾಗ ಇದೊಂದೇ ಆಗಿತ್ತು. ಮಾಲೀಕ ಎಲ್ಲಿ ಹೋದನೋ ಗೊತ್ತಿಲ್ಲ, ಸಾಮಾನು ಮಾತ್ರ ಹಾಗೇ ಇತ್ತು. ಹಾಗಾಗಿ ನಾನು ಕೆಲಸ ಮಾಡುವುದು ಎಂಟು ಜನ ಸುತ್ತ ಕೂತು ಉಣ್ಣುವ ಊಟದ ಮೇಜಿನ ಮೇಲೆ. ಅದರ ಕಾಲಿಗೆ ಕಟ್ಟಿದ ಬೆಲೆಚೀಟಿಯನ್ನು ಇವತ್ತಿಗೂ ಯಾರೂ ಕಿತ್ತಿಲ್ಲ. ಹೊಸ ದಂಪತಿಗಳಿಗೆ ವಿಶೇಷ ರಿಯಾಯಿತಿ ಎಂದು ಬರೆದಿದೆ.

ಎಣಿಕೆ ಶುರುವಾಗುವ ಮೊದಲೇ ಮಂತ್ರಿಗಳು ಒಂದು ಭಾಷಣದಲ್ಲಿ, ಸತ್ತವರ ಸಂಖ್ಯೆ ಒಂದು ಲಕ್ಷಕ್ಕಿಂತ ಕಡಿಮೆ ಎಂದು ಹೇಳಿ ಚಪ್ಪಾಳೆ ಹೊಡೆಸಿಕೊಂಡಿದ್ದರು. ಆಮೇಲೆ ಎಣಿಸಲು ನಮ್ಮನ್ನು ನೇಮಿಸಿದರು. ಉತ್ತರ ಮೊದಲು ಬರೆದು ಲೆಕ್ಕ ಆಮೇಲೆ ಮಾಡಿದರೆ ಶಾಲೆಯಲ್ಲಿ ಕಿವಿ ಹಿಂಡುತ್ತಾರೆ. ಇಲ್ಲಿ ಸಂಬಳ ಕೊಡುತ್ತಾರೆ.

ಅಂಗಡಿಯ ಎಡಭಾಗ, ಅಂದರೆ ಮಂಚಗಳಿದ್ದ ಕಡೆ, ಸೈನಿಕ ವಿಭಾಗ. ಬಲಭಾಗ, ಮೇಜುಗಳ ಕಡೆ, ನಾಗರಿಕ ವಿಭಾಗ. ಸತ್ತವನು ಸೈನಿಕನಾದರೆ ಹಸಿರು ಕಾರ್ಡು, ನಾಗರಿಕನಾದರೆ ಬಿಳಿ ಕಾರ್ಡು. ಇಷ್ಟೇ ಆಗಿದ್ದರೆ ಆರು ತಿಂಗಳಲ್ಲಿ ಮುಗಿದು ಹೋಗುತ್ತಿತ್ತು. ಆದರೆ ಸೈನಿಕರು ಹೆಚ್ಚು ಸತ್ತರು ಅಂದರೆ ದಂಡನಾಯಕರಿಗೆ ಕೆಟ್ಟ ಹೆಸರು. ನಾಗರಿಕರು ಹೆಚ್ಚು ಸತ್ತರು ಅಂದರೆ ಸರ್ಕಾರಕ್ಕೆ ಕೆಟ್ಟ ಹೆಸರು. ಹಾಗಾಗಿ ಪ್ರತಿ ಹೆಣವನ್ನೂ ಇನ್ನೊಬ್ಬರ ತಲೆಗೆ ಕಟ್ಟುವುದೇ ಎರಡೂ ವಿಭಾಗಗಳ ಮುಖ್ಯ ಕಸುಬಾಯಿತು.

ನಾನು ನಾಗರಿಕ ವಿಭಾಗದಲ್ಲಿ ಗುಮಾಸ್ತೆ. ನಮ್ಮ ಮುಖ್ಯಸ್ಥರನ್ನು ನಾವೆಲ್ಲ ಪಾಪ ಸಾಹೇಬರು ಅಂತ ಕರೆಯುತ್ತೇವೆ. ಪ್ರತಿ ಕಾರ್ಡು ಕೈಗೆತ್ತಿಕೊಂಡಾಗಲೂ ಅವರು ಮೊದಲು "ಪಾಪ" ಅನ್ನುತ್ತಾರೆ, ಕಣ್ಣು ಕೂಡ ಸ್ವಲ್ಪ ಒದ್ದೆಯಾಗುತ್ತದೆ. ಆಮೇಲೆ ಕಾರ್ಡನ್ನು ಎಡಗಡೆಗೆ ತಳ್ಳುತ್ತಾರೆ. ಎಡಗಡೆಯ ಮುಖ್ಯಸ್ಥರು ನಿವೃತ್ತ ಮೇಜರ್. ಅವರಿಗೆ ಕಣ್ಣು ಒದ್ದೆ ಮಾಡಿಕೊಳ್ಳುವ ಅಭ್ಯಾಸವಿಲ್ಲ, ಬಂದ ಕಾರ್ಡನ್ನು ನೇರವಾಗಿ ವಾಪಸ್ ಕಳಿಸುತ್ತಾರೆ. ಮೇಜರ್ ಕೈಕೆಳಗೆ ಹಸಿರು ಕಾರ್ಡು ಬರೆಯುವವರು ನಮ್ಮನೆಯವರು, ಅಂದರೆ ನನ್ನನ್ನು ಕಟ್ಟಿಕೊಂಡವರು.

ಎರಡು ವಿಭಾಗಗಳ ನಡುವೆ ಮೂರು ಜನ ಕೂರುವ ಕೆಂಪು ಸೋಫಾ ಒಂದಿತ್ತು. ಮೊದಮೊದಲು ಅದರ ಮೇಲೆ ಕೂತು ಚಹಾ ಕುಡಿಯುತ್ತಿದ್ದೆವು. ಒಮ್ಮೆ ಒಬ್ಬ ಅಡುಗೆಯವನ ಕಾರ್ಡು ಬಂತು. ಬ್ಯಾರಕ್ಕಿನಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾಗ ಸತ್ತವನು. ಬ್ಯಾರಕ್ಕಿನಲ್ಲಿ ಸತ್ತಿದ್ದಾನೆ, ನಿಮ್ಮವನು ಅಂತ ಪಾಪ ಸಾಹೇಬರು. ಈರುಳ್ಳಿ ಹೆಚ್ಚುವುದು ಯುದ್ಧವಲ್ಲ, ನಿಮ್ಮವನು ಅಂತ ಮೇಜರ್. ಇಬ್ಬರೂ ಪಟ್ಟು ಬಿಡಲಿಲ್ಲ. ಸಂಜೆ ಬಾಗಿಲು ಹಾಕುವ ಹೊತ್ತಾಯಿತು ಅಂತ ನಮ್ಮನೆಯವರು ಆ ಕಾರ್ಡನ್ನು ತಾತ್ಕಾಲಿಕವಾಗಿ ಸೋಫಾದ ಮೇಲಿಟ್ಟರು. ಮಾರನೇ ದಿನ ಅವನ ಪಕ್ಕಕ್ಕೆ ರಜೆಯಲ್ಲಿ ಮನೆಗೆ ಬಂದು ಸ್ನಾನ ಮಾಡುವಾಗ ಸತ್ತ ಒಬ್ಬ ಸಿಪಾಯಿ ಬಂದ. ಮೈಮೇಲೆ ಸಮವಸ್ತ್ರ ಇರಲಿಲ್ಲವಾದ್ದರಿಂದ ನಾಗರಿಕ ಎಂದರು ಮೇಜರ್. ಸೊಂಟಕ್ಕೆ ಸುತ್ತಿದ್ದ ಟವೆಲ್ಲು ಸೈನ್ಯದ್ದು ಎಂದರು ಪಾಪ ಸಾಹೇಬರು. ಹೀಗೆ ದಿನೇದಿನೇ ಸೋಫಾ ತುಂಬಿತು. ನಾವು ನಿಂತುಕೊಂಡೇ ಚಹಾ ಕುಡಿಯುವುದು ರೂಢಿಯಾಯಿತು.

ಆ ಇಬ್ಬರು ಮುಖ್ಯಸ್ಥರು ಒಪ್ಪಿ ಕೈಕುಲುಕಿದ್ದು ಒಂದೇ ಒಂದು ನಿಯಮಕ್ಕೆ. ಯಾವುದಾದರೂ ಹೆಸರು ಹಸಿರಿನಲ್ಲೂ ಬಿಳಿಯಲ್ಲೂ ಕಂಡರೆ ಏನು ಮಾಡಬೇಕು ಎಂಬ ಪ್ರಶ್ನೆ ಬಂದಾಗ ಪಾಪ ಸಾಹೇಬರು, "ಎರಡು ಕಡೆ ಇದಾನೆ ಅಂದ್ರೆ ಏನೋ ಎಡವಟ್ಟಾಗಿದೆ. ಅನುಮಾನ ಇರೋ ಹೆಸರು ಯಾಕೆ? ಎರಡೂ ಕಡೆ ಹೊಡೆದು ಹಾಕೋಣ" ಅಂದರು. ತಮ್ಮ ಕಡೆ ಒಂದು ಕಡಿಮೆಯಾಗುತ್ತದೆ ಅಂತ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಮೇಜರ್ ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ನಿಯಮವನ್ನು ಟೈಪು ಮಾಡಿ ಗೋಡೆಗೆ ಅಂಟಿಸಿದವಳು ನಾನು.

ಕಚೇರಿಯ ಜಗಳ ಮನೆಗೂ ಬರುತ್ತಿತ್ತು. ನಮ್ಮದು ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಒಂದರಲ್ಲಿ ನಾವಿಬ್ಬರು, ಇನ್ನೊಂದರಲ್ಲಿ ನನ್ನ ಅಮ್ಮ. ಊಟಕ್ಕೆ ಕೂತಾಗ ನಾನು, "ಆ ಪೋಸ್ಟ್‌ಮ್ಯಾನ್‌ನ ನಮ್ಮ ಕಡೆ ಯಾಕೆ ನೂಕಿದ್ರಿ? ಅವನ ಚೀಲದಲ್ಲಿದ್ದಿದ್ದೆಲ್ಲ ಸೈನ್ಯದ ಕಾಗದ" ಅನ್ನುತ್ತಿದ್ದೆ. ಅವರು, "ಕಾಗದ ಸೈನ್ಯದ್ದು ಕಣೇ, ಕಾಲು ಅವನದೇ" ಅನ್ನುತ್ತಿದ್ದರು. ಅಮ್ಮ ಪಾತ್ರೆಯನ್ನು ನಡುವೆ ಕುಕ್ಕಿ, "ಸತ್ತೋರನ್ನ ತಟ್ಟೆ ಹತ್ತಿರ ತರಬೇಡಿ" ಅಂತ ಗದರುತ್ತಿದ್ದಳು. ನಿಜ ಹೇಳಬೇಕೆಂದರೆ ನಮಗೆ ಆ ಜಗಳ ರುಚಿಸುತ್ತಿತ್ತು. ಪಾಪ ಪುಣ್ಯ ನೋಡದೆ ಗೆಲ್ಲುವುದು ಯಾರಿಗೆ ತಾನೆ ಬೇಡ. ನನ್ನ ತಮ್ಮನ ಕಾರ್ಡು ಬರುವವರೆಗೂ ಹಾಗೇ ಇತ್ತು.

ತಮ್ಮ ಏಳನೇ ನಂಬರಿನ ಟೌನ್ ಬಸ್ಸಿನ ಡ್ರೈವರು. ನಿಲ್ದಾಣ ಎಲ್ಲಿದ್ದರೂ ಅವನ ಬಸ್ಸು ಮಾತ್ರ ಭಾರದ ಚೀಲ ಹಿಡಿದ ಹೆಂಗಸರ ಮನೆ ಬಾಗಿಲಲ್ಲೇ ನಿಲ್ಲುತ್ತಿತ್ತು. ಒಮ್ಮೆ ಯಾರದೋ ಕಪಾಟನ್ನು ಮಹಡಿ ಹತ್ತಿಸಲು ಬಸ್ಸನ್ನು ನಡುರಸ್ತೆಯಲ್ಲಿ ಬಿಟ್ಟು ಹೋಗಿ ನೋಟಿಸು ತಿಂದಿದ್ದ. ನಮ್ಮ ಬೀದಿಗೆ ಬಂದಾಗ ಕಿಟಕಿಯ ಕೆಳಗೆ ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ಅಮ್ಮ ಕೈಲಿದ್ದದ್ದನ್ನು ಬಿಟ್ಟು ಕಿಟಕಿಗೆ ಹೋಗಿ, ಎಲ್ಲರಿಗೂ ಕೇಳುವ ಹಾಗೆ, "ಊಟ ಮಾಡ್ದೇನೋ?" ಅಂತ ಕೇಳುತ್ತಿದ್ದಳು. ಬಸ್ಸಿನಲ್ಲಿದ್ದವರೆಲ್ಲ ಒಟ್ಟಿಗೆ "ಆಯ್ತು" ಅನ್ನುತ್ತಿದ್ದರು.

ಯುದ್ಧದ ಚಳಿಗಾಲದಲ್ಲಿ ಸೈನ್ಯದವರು ಡಿಪೋಗೆ ಬಂದು ಬಸ್ಸು ಬೇಕು ಅಂದರು. ಕೀ ಕೊಡು ಅಂದಾಗ ತಮ್ಮ, "ಇದರ ಸೆಕೆಂಡ್ ಗೇರ್ ಬೇರೆಯವರ ಮಾತು ಕೇಳಲ್ಲ, ನಾನೇ ಓಡಿಸ್ತೀನಿ. ಸಂಜೆಯೊಳಗೆ ಬಿಟ್ಬಿಡಿ" ಅಂತ ತಾನೇ ಹತ್ತಿ ಕೂತ. ಆ ಸಂಜೆ ಬರಲೇ ಇಲ್ಲ. ಚಳಿಗಾಲ ಪೂರ್ತಿ ಸಿಪಾಯಿಗಳನ್ನು ಹೊತ್ತು ಓಡಿಸಿದ. ಕಿವಿಗೆ ಚಳಿ ಹೊಡೆಯುತ್ತದೆ ಅಂತ ಯಾರೋ ಅವನಿಗೊಂದು ಸೈನ್ಯದ ಟೋಪಿ ಕೊಟ್ಟರು. ಒಂದು ಸೇತುವೆಯ ಹತ್ತಿರ ಬಸ್ಸಿನ ಮೇಲೆ ಬಾಂಬು ಬಿತ್ತು. ಒಳಗಿದ್ದವರನ್ನೆಲ್ಲ ಅಲ್ಲೇ ಒಂದೇ ಗುಂಡಿಯಲ್ಲಿ ಹೂಳಿದರಂತೆ. ಆ ಸೇತುವೆ ಈಗ ಗಡಿಯ ಆಚೆ ಇದೆ, ನಾವು ಹೋಗುವ ಹಾಗಿಲ್ಲ. ನಮ್ಮ ಮನೆಗೆ ಬಂದಿದ್ದು ಬಸ್ಸಿನ ಕೀ ಒಂದೇ.

ಎಣಿಕೆ ಮುಗಿದ ಮೇಲೆ ಎಲ್ಲರ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿಸುತ್ತೇವೆ ಅಂತ ಸರ್ಕಾರ ಹೇಳಿತ್ತು. ಸೈನಿಕರಿಗೆ ರೈಲ್ವೆ ಸ್ಟೇಷನ್ನಿನ ಮುಂದೆ ಒಂದು ಗೋಡೆ, ನಾಗರಿಕರಿಗೆ ಕಾಲುವೆ ಪಕ್ಕದ ಪಾರ್ಕಿನಲ್ಲಿ ಒಂದು ಗೋಡೆ. ಅಮ್ಮನಿಗೆ ಬೇಕಾಗಿದ್ದು ಅದೊಂದೇ. ಮಗನ ಗುಂಡಿಗೆ ಹೋಗುವ ಹಾಗಿಲ್ಲ, ಹೆಸರನ್ನಾದರೂ ಕೈಯಿಂದ ಮುಟ್ಟಬೇಕು. ಯಾವ ಗೋಡೆ ಎಂಬುದರಲ್ಲಿ ಅವಳಿಗೆ ಇದ್ದ ಯೋಚನೆ ಮಂಡಿನೋವಿನದು ಮಾತ್ರ. "ಸ್ಟೇಷನ್ ಮುಂದಿನದಾದ್ರೆ ಬಸ್ಸಿಂದ ಇಳಿದ ಕೂಡ್ಲೇ ಸಿಗ್ತಾನೆ. ಪಾರ್ಕಿಂದಾದ್ರೆ ಸ್ವಲ್ಪ ನಡೀಬೇಕು, ಆದ್ರೆ ಕೂರೋಕೆ ಬೆಂಚಿದೆ" ಅಂತ ದಿನಕ್ಕೊಂದು ತೀರ್ಮಾನ ಮಾಡುತ್ತಿದ್ದಳು. ನೀವಿಬ್ಬರೂ ಅಲ್ಲೇ ಕೆಲಸ ಮಾಡುವವರು, ಯಾವುದಾದರೂ ಒಂದು ಕೊಡಿಸಿ ಅನ್ನುತ್ತಿದ್ದಳು.

ತಮ್ಮನ ಕಾರ್ಡು ಸೋಫಾದ ಮೇಲೆ ಬಿತ್ತು. ಅವನಿಗೆ ಸೈನ್ಯದ ನಂಬರೂ ಇಲ್ಲ, ನೇಮಕದ ಆದೇಶವೂ ಇಲ್ಲ, ಕೊನೆವರೆಗೂ ಬಸ್ ಕಂಪನಿಯ ಡ್ರೈವರು ಅಂತ ಮೇಜರ್. ಮೂವತ್ತು ಸಿಪಾಯಿಗಳನ್ನು ಹೊತ್ತು ಸೈನ್ಯದ ಟೋಪಿ ಹಾಕಿಕೊಂಡು ಸತ್ತವನನ್ನು ಯಾವ ಬಾಯಲ್ಲಿ ನಾಗರಿಕ ಅನ್ನಲಿ ಅಂತ ಪಾಪ ಸಾಹೇಬರು. "ಪಾಪ" ಎಂಬುದನ್ನು ಎರಡು ಸಲ ಅಂದರು, ನನ್ನ ತಮ್ಮ ಅಂತ ಗೊತ್ತಿದ್ದರಿಂದ.

ಮನೆಯಲ್ಲಿ ನಾನು ನಮ್ಮನೆಯವರಿಗೆ, "ನಿಮ್ಮ ಕಡೆ ತಗೊಳ್ಳಿ" ಅಂದೆ.

"ಮೇಜರ್ ನನ್ನನ್ನ ಕೆಲಸದಿಂದ ತೆಗೀತಾರೆ. ನೀನೇ ತಗೋ, ನಿನ್ನ ತಮ್ಮ ತಾನೆ?"

"ನಿಮಗೆ ಬಾಮೈದ ಅಲ್ವಾ?"

"ಬಾಮೈದ ಅಂತ ಹಸಿರು ಕಾರ್ಡಲ್ಲಿ ಬರೆಯೋಕೆ ಜಾಗ ಇಲ್ಲ ಕಣೇ."

ಅವರು ತಮಾಷೆಗೆ ಅಂದಿದ್ದು. ನನಗೆ ಮೈಯೆಲ್ಲ ಉರಿದು ಹೋಯಿತು. ನನ್ನ ಮದುವೆಯ ದಿನ ಇದೇ ತಮ್ಮ ಇವರ ಕಡೆಯ ನೆಂಟರನ್ನೆಲ್ಲ ಏಳನೇ ನಂಬರಿನಲ್ಲಿ ಟಿಕೆಟ್ಟಿಲ್ಲದೆ ಕರೆತಂದು ಇನ್ನೊಂದು ನೋಟಿಸು ತಿಂದಿದ್ದ ಅಂತ ನೆನಪಿಸಿದೆ. ಅವರು ತಟ್ಟೆ ಬಿಟ್ಟು ಎದ್ದರು. ಅವತ್ತಿಂದ ನಮ್ಮ ಮಾತು ನಿಂತಿತು. ಏನಾದರೂ ಹೇಳಬೇಕಾದರೆ ಅಮ್ಮನ ಮೂಲಕ ಹೇಳುತ್ತಿದ್ದೆವು. ಒಂದೇ ಕೋಣೆಯಲ್ಲಿ ಕೂತು, "ಅಮ್ಮಾ, ಅವರಿಗೆ ಕಿಟಕಿ ಹಾಕೋಕೆ ಹೇಳು" ಅನ್ನುವಷ್ಟು ಚಂದವಾಗಿತ್ತು ನಮ್ಮ ಸಂಸಾರ.

ಅಷ್ಟರಲ್ಲಿ ಮೇಲಿನಿಂದ ಆದೇಶ ಬಂತು. ತಿಂಗಳ ಕೊನೆಗೆ ಎಣಿಕೆ ಮುಗಿಯಬೇಕು, ಆವರೆಗೆ ತೀರ್ಮಾನವಾಗದವರನ್ನು ಬಿಟ್ಟುಬಿಡಬೇಕು. ಸೋಫಾದ ಮೇಲೆ ಆಗ ಸಾವಿರದ ಚಿಲ್ಲರೆ ಜನರಿದ್ದರು. ಚಿಲ್ಲರೆ ಎಷ್ಟು ಅಂತ ಯಾರೂ ಎಣಿಸಿರಲಿಲ್ಲ. ಬಿಟ್ಟುಬಿಡುವುದು ಅಂದರೆ ಏನು ಅಂತ ಕೇಳಿದ್ದಕ್ಕೆ ಪಾಪ ಸಾಹೇಬರು, "ಪಾಪ, ಬಿಟ್ಟುಬಿಡೋದು ಅಂದ್ರೆ ಬಿಟ್ಟುಬಿಡೋದು" ಎಂದು ವಿವರಿಸಿದರು.

ನನ್ನ ತಮ್ಮನನ್ನು ಬಿಟ್ಟುಬಿಡಲು ನನ್ನಿಂದ ಆಗಲಿಲ್ಲ. ಎಲ್ಲರೂ ಊಟಕ್ಕೆ ಎದ್ದಾಗ ಒಂದು ಹೊಸ ಬಿಳಿ ಕಾರ್ಡು ತೆಗೆದು ಅವನ ಹೆಸರು, ನಮ್ಮಪ್ಪನ ಹೆಸರು, ಹುಟ್ಟಿದ ತಾರೀಕು ಬರೆದೆ. ಸತ್ತ ಸಂದರ್ಭ ಎಂಬಲ್ಲಿ, ಟೌನ್ ಬಸ್ಸು ಓಡಿಸುವಾಗ, ಅಂತಷ್ಟೇ ಬರೆದೆ. ಸುಳ್ಳೇನಲ್ಲ. ಸಿಪಾಯಿಗಳನ್ನೂ ಟೋಪಿಯನ್ನೂ ಬಿಟ್ಟೆ. ಅದನ್ನು ನಮ್ಮ ಕಟ್ಟಿನ ನಡುವೆ ಸೇರಿಸಿದೆ. ಪಾಪ ಸಾಹೇಬರು ಕಟ್ಟುಗಳ ದಪ್ಪ ನೋಡುತ್ತಾರೆಯೇ ಹೊರತು ಕಾರ್ಡು ಓದುವುದಿಲ್ಲ. ಸೋಫಾದ ಮೇಲಿದ್ದ ಹಳೇ ಕಾರ್ಡನ್ನು ಮುಟ್ಟಲಿಲ್ಲ. ಅದು ಕಾಣೆಯಾದರೆ ನಮ್ಮನೆಯವರಿಗೆ ಗೊತ್ತಾಗುತ್ತದೆ. ನೆಂಟರ ಕಾರ್ಡು ತಿದ್ದಿದರೆ ಕೆಲಸ ಹೋಗುತ್ತದೆ ಅಂತ ಇಬ್ಬರೂ ಸಹಿ ಹಾಕಿ ಸೇರಿದವರು. ಸಿಕ್ಕಿಬಿದ್ದರೆ ನನ್ನೊಬ್ಬಳದು ಹೋಗಲಿ, ಅವರಿಗೆ ಗೊತ್ತಿಲ್ಲದಿದ್ದರೆ ಅವರದಾದರೂ ಉಳಿಯುತ್ತದೆ ಅಂದುಕೊಂಡೆ. ಅಷ್ಟು ಕೋಪದಲ್ಲೂ ಅವರ ಚಿಂತೆ ಮಾಡಿದೆನಲ್ಲ ಅಂತ ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು.

ಅಮ್ಮನಿಗೆ ಮಾತ್ರ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು. "ಪಾರ್ಕಿನ ಗೋಡೆ ಆಯ್ತಮ್ಮ. ಅವರಿಗೆ ಹೇಳಬೇಡ, ನನ್ನಾಣೆ" ಅಂದೆ. ಅಮ್ಮ ಮಡಿಸುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಯಾಕೋ ಬಾಯಿ ಮುಚ್ಚಿಕೊಂಡು ನಕ್ಕಳು. ತಮ್ಮ ಹೋದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. "ನಾನ್ಯಾಕೆ ಹೇಳಲಿ, ನನ್ನ ಹೊಟ್ಟೇಲೇ ಇರುತ್ತೆ" ಅಂದಳು.

ಆ ವಾರ ಮನೆ ಬದಲಾಯಿತು. ನಮ್ಮನೆಯವರು ತಾವಾಗೇ ಕಿಟಕಿ ಹಾಕಿದರು. ನಾನು ಅವರ ಬೂಟಿಗೆ ಪಾಲಿಶ್ ಹಾಕಿದೆ. ಅವರು ನನಗೆ ಸಂತೆಯಿಂದ ಬಾಚಣಿಗೆ ತಂದರು. ಇವರಿಗೆ ಏನೂ ತಿಳಿದಿಲ್ಲವಲ್ಲ, ಪಾಪ, ಅಂತ ನನಗೆ ಒಳಗೊಳಗೇ ಕನಿಕರ. ಅವರೂ ನನ್ನನ್ನು ಅಂಥದೇ ಕನಿಕರದಿಂದ ನೋಡುತ್ತಿದ್ದಾರೆ ಅಂತ ಆಗ ಹೊಳೆಯಲಿಲ್ಲ. ಅಮ್ಮ ಇಬ್ಬರನ್ನೂ ನೋಡುತ್ತಾ, ಪಾತ್ರೆ ತೊಳೆಯುವಾಗ ಸಣ್ಣಗೆ ಹಾಡಿಕೊಳ್ಳುತ್ತಿದ್ದಳು.

ಕೊನೆಯ ದಿನ ತಾಳೆ ನೋಡುವ ಕೆಲಸ. ಎರಡು ಕಡೆಯ ಕಾರ್ಡುಗಳನ್ನೂ ಅಕ್ಷರದ ಕ್ರಮದಲ್ಲಿ ಜೋಡಿಸಿದ್ದೆವು. ಬಿಳಿಯ ಕಡೆಯಿಂದ ಒಬ್ಬರು ಹೆಸರು ಓದಬೇಕು, ಹಸಿರಿನ ಕಡೆಯಿಂದ ಒಬ್ಬರು ತಮ್ಮ ಕಟ್ಟಿನಲ್ಲಿ ಹುಡುಕಿ "ಇದೆ" ಅಥವಾ "ಇಲ್ಲ" ಅನ್ನಬೇಕು. ಸ್ಪಷ್ಟವಾಗಿ ಓದುತ್ತಾಳೆ ಅಂತ ನನ್ನನ್ನು ಕೂರಿಸಿದರು. ಬೆರಳು ಚುರುಕು ಅಂತ ಎದುರಿಗೆ ನಮ್ಮನೆಯವರನ್ನು ಕೂರಿಸಿದರು. ಹೊಸ ದಂಪತಿಗಳ ರಿಯಾಯಿತಿಯ ಮೇಜಿನ ಎರಡು ತುದಿಯಲ್ಲಿ ನಾವಿಬ್ಬರು, ನನ್ನ ಬೆನ್ನ ಹಿಂದೆ ಪಾಪ ಸಾಹೇಬರು, ನಮ್ಮನೆಯವರ ಬೆನ್ನ ಹಿಂದೆ ಮೇಜರ್. ಮಧ್ಯದಲ್ಲಿ ಸೋಫಾ ಇರಲಿಲ್ಲ. ಅವತ್ತು ಬೆಳಿಗ್ಗೆಯೇ ಅದು ಕಾರ್ಯದರ್ಶಿಯೊಬ್ಬರ ಮನೆಗೆ ಹೋಗಿತ್ತು. ಅದರ ಮೇಲಿದ್ದವರನ್ನು ಚೀಲಕ್ಕೆ ತುಂಬಿ ಸುಡಲು ಬಾಯ್ಲರಿಗೆ ಕಳಿಸಿದ್ದರು.

ಓದುತ್ತಾ ಹೋದೆ. ಇಲ್ಲ, ಇಲ್ಲ, ಇಲ್ಲ. ಆಗೊಮ್ಮೆ ಈಗೊಮ್ಮೆ "ಇದೆ". ಆಗ ಇಬ್ಬರು ಮುಖ್ಯಸ್ಥರೂ ಖುಷಿಯಿಂದ "ಹೊಡೀರಿ" ಅನ್ನುತ್ತಿದ್ದರು, ನಾವು ಎರಡು ಕಾರ್ಡಿಗೂ ಕೆಂಪು ಗೀಟು ಹಾಕಿ ಕಪಾಟಿನ ಡ್ರಾಯರಿಗೆ ಎಸೆಯುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ನನ್ನ ಕೈಗೆ ನನ್ನದೇ ಅಕ್ಷರದ ಕಾರ್ಡು ಬಂತು. ದನಿ ನಡುಗದ ಹಾಗೆ ಓದಿದೆ. ತಮ್ಮನ ಹೆಸರು. ಅಪ್ಪನ ಹೆಸರು. ತಾರೀಕು.

ಎದುರಿನಿಂದ ಕಾರ್ಡು ಮಗುಚುವ ಸದ್ದು ನಿಂತಿತು. ಇವರು ನನ್ನ ಕಳ್ಳತನ ಹಿಡಿದರು, ಈಗ ಮುಖ ಸಿಂಡರಿಸುತ್ತಾರೆ ಅಂದುಕೊಂಡು ತಲೆ ಎತ್ತಿದೆ. ಅವರ ಮುಖ ಬಿಳುಚಿತ್ತು. ಬೆರಳು ಹಸಿರು ಕಟ್ಟಿನ ನಡುವೆ ಒಂದು ಕಾರ್ಡಿನ ಮೇಲೆ ನಿಂತಿತ್ತು. ನನ್ನನ್ನೇ ನೋಡುತ್ತಿದ್ದರು. ಆಗ ನನಗೆ ಅರ್ಥವಾಯಿತು. ಅವರ ಮೇಲೆ ಅಷ್ಟು ಪ್ರೀತಿ ಉಕ್ಕಿದ್ದು ಮದುವೆಯ ದಿನವೂ ಇಲ್ಲ. ಅದೇ ಗಳಿಗೆಯಲ್ಲಿ ಅವರನ್ನು ಹಿಡಿದು ಬಡಿಯಬೇಕು ಅಂತಲೂ ಅನ್ನಿಸಿತು.

"ಇಲ್ಲ" ಅಂದರು ನಮ್ಮನೆಯವರು, ಬಹಳ ಮೆಲ್ಲಗೆ.

"ಇದೆಯಲ್ರೀ" ಅಂದರು ಮೇಜರ್. ಅವರ ಭುಜದ ಮೇಲಿಂದ ಬಗ್ಗಿ ಕಾರ್ಡನ್ನು ಎಳೆದೇ ತೆಗೆದರು. "ನಿಮ್ಮ ಬೆರಳ ಕೆಳಗೇ ಇದೆ. ಕಣ್ಣು ಮಂಜಾಗಿದೆಯೇನ್ರೀ? ಹೊಡೀರಿ, ಹೊಡೀರಿ."

"ಸರ್, ಇವನು ನನ್ನ ತಮ್ಮ. ಒಂದೇ ಸಲ ಸತ್ತಿದಾನೆ. ಒಂದು ಸಲ ಎಣಿಸಿ ಸಾಕು" ಅಂದೆ ನಾನು. ಎದ್ದು ನಿಂತಿದ್ದೆ ಅಂತ ಆಮೇಲೆ ಗೊತ್ತಾಯಿತು.

"ನನ್ನದು ತೆಗೆದುಬಿಡಿ ಸರ್, ಅವಳದು ಇರಲಿ" ಅಂದರು ನಮ್ಮನೆಯವರು.

"ಹಾಗಂದ್ರೆ ಹೇಗೆ? ನಮ್ಮ ಕಡೆ ಯಾಕೆ ಇರಬೇಕು?" ಅಂದರು ಪಾಪ ಸಾಹೇಬರು. "ಹಸಿರು ಇರಲಿ ಬೇಕಾದ್ರೆ."

"ಹಸಿರು ಯಾಕೆ? ಸೈನ್ಯದ ನಂಬರೇ ಇಲ್ಲ ಅವನಿಗೆ" ಅಂದರು ಮೇಜರ್.

ಇಬ್ಬರೂ ವಾಡಿಕೆಯಂತೆ ಮಧ್ಯಕ್ಕೆ ತಿರುಗಿದರು, ಸೋಫಾ ಇದ್ದ ಕಡೆಗೆ. ನೆಲದ ಮೇಲೆ ಅದರ ನಾಲ್ಕು ಕಾಲಿನ ಗುರುತು ಮಾತ್ರ ಇತ್ತು. ಆಮೇಲೆ ಗೋಡೆಯ ಕಡೆ ನೋಡಿದರು. ನಾನು ಟೈಪು ಮಾಡಿದ ನಿಯಮ, ಒಂದೂ ತಪ್ಪಿಲ್ಲದ ಟೈಪು, ಅಲ್ಲಿ ಅಂಟಿಕೊಂಡಿತ್ತು.

ಕೆಲಸದಿಂದ ತೆಗೆಯುತ್ತಾರೆ ಅಂದುಕೊಂಡಿದ್ದೆವು, ಅದೂ ಆಗಲಿಲ್ಲ. ಪಾಪ ಸಾಹೇಬರು ನನ್ನ ಬೆನ್ನು ತಟ್ಟಿ, "ಹೊಟ್ಟೆಗೆ ಹಾಕ್ಕೊಳ್ತೀವಮ್ಮ. ಕಾರ್ಡೇ ಇಲ್ಲ ಅಂದ ಮೇಲೆ ಕಾರ್ಡು ತಿದ್ದಿದ ತಪ್ಪು ಎಲ್ಲಿಂದ ಬಂತು?" ಅಂದರು. ಮೇಜರ್ ಕೂಡ ದೊಡ್ಡ ಮನಸ್ಸು ಮಾಡಿ ತಲೆಯಾಡಿಸಿದರು. ತಮ್ಮನ ಎರಡು ಕಾರ್ಡುಗಳೂ ಡ್ರಾಯರಿಗೆ ಬಿದ್ದವು. "ಮುಂದಿನದು ಓದಿ" ಅಂದರು ಯಾರೋ. ಓದಿದೆ. ಆ ಮಧ್ಯಾಹ್ನ ಇನ್ನೂ ಎಷ್ಟು ಜನರನ್ನು ಹೊಡೆದೆವೋ ನೆನಪಿಲ್ಲ. ಅವರೆಲ್ಲರ ಮನೆಯಲ್ಲೂ ಇಬ್ಬರು ಪ್ರೀತಿ ಮಾಡುವವರಿದ್ದರೇನೋ ಎಂಬ ಯೋಚನೆ ಮೊದಲ ಸಲ ಬಂತು, ಸಂಕಟವಾಯಿತು, ಆದರೂ ಓದಿದೆ.

ಸಂಜೆ ಇಬ್ಬರೂ ಒಟ್ಟಿಗೆ ನಡೆದು ಬಂದೆವು. ದಾರಿಯಲ್ಲಿ ನಾನು, "ಯಾವಾಗ ಬರೆದ್ರಿ?" ಅಂತ ಕೇಳಿದೆ. "ಜಗಳ ಆದ ಮಾರನೇ ದಿನವೇ" ಅಂದರು. "ನನಗೆ ಯಾಕೆ ಹೇಳಲಿಲ್ಲ?" ಅಂದಿದ್ದಕ್ಕೆ, "ಸಿಕ್ಕಿಬಿದ್ರೆ ನಿನ್ನ ಕೆಲಸ ಆದ್ರೂ ಉಳೀಲಿ ಅಂತ" ಅಂದರು. ಏಳನೇ ನಂಬರಿನ ಹೊಸ ಬಸ್ಸು ನಮ್ಮನ್ನು ದಾಟಿಕೊಂಡು ಹೋಗಿ ನಿಲ್ದಾಣದಲ್ಲೇ ನಿಂತಿತು.

ಅಮ್ಮ ರೇಡಿಯೋ ಹಚ್ಚಿಕೊಂಡು ಕೂತಿದ್ದಳು. ಅಂತಿಮ ಸಂಖ್ಯೆ ಓದುತ್ತಿದ್ದರು. ಸೈನಿಕರು ಮೂವತ್ತೆಂಟು ಸಾವಿರದ ಒಂಬೈನೂರ ಹದಿನಾಲ್ಕು, ನಾಗರಿಕರು ಅರವತ್ತು ಸಾವಿರದ ಒಂಬೈನೂರ ಎಪ್ಪತ್ತೇಳು. ಒಟ್ಟು ಒಂದು ಲಕ್ಷಕ್ಕಿಂತ ಕಡಿಮೆ. ಮಂತ್ರಿಗಳ ಮಾತು ನಿಜವಾಯಿತು ಅಂತ ರೇಡಿಯೋದವನಿಗೂ ಸಮಾಧಾನವಾದಂತಿತ್ತು. ನಾವಿಬ್ಬರೂ ಜೊತೆಯಾಗಿ ಬಂದದ್ದು ನೋಡಿ ಅಮ್ಮ ದನಿ ತಗ್ಗಿಸಿದಳು.

"ಮಾತಾಡಿಕೊಂಡ್ರಾ ಇಬ್ರೂ? ಅಂತೂ ಗೊತ್ತಾಯ್ತಾ? ನಾನು ಬಾಯಿ ಬಿಡಲಿಲ್ಲಪ್ಪ. ಇವರು ಬಂದು ಸ್ಟೇಷನ್ ಗೋಡೆ ಆಯ್ತು ಅತ್ತೆ, ಅವಳಿಗೆ ಹೇಳಬೇಡಿ ಅಂದ್ರು. ನೀನು ಬಂದು ಪಾರ್ಕಿನ ಗೋಡೆ ಅಂದೆ, ಅವರಿಗೆ ಹೇಳಬೇಡ ಅಂದೆ. ಎಲ್ಲರಿಗೂ ಒಂದೊಂದು ಗೋಡೆ, ನನ್ನ ಮಗನಿಗೆ ಎರಡು."

ನಾವು ಚಪ್ಪಲಿ ಕೂಡ ಬಿಡದೆ ನಿಂತಿದ್ದೆವು. ಅಮ್ಮನ ಮುಖದಲ್ಲಿ ಏನೋ ಅಳುಕು ಬಂತು.

"ಒಂದೇ ಚಿಂತೆ. ಎರಡು ಕಡೆ ಎಣಿಸಿದ್ರೆ ದೇಶದ ಲೆಕ್ಕದಲ್ಲಿ ಒಬ್ಬ ಜಾಸ್ತಿ ಆಗಿಬಿಡ್ತಾನೆ ಅಲ್ವಾ? ಅದು ತಪ್ಪಲ್ವಾ?"

ನಮ್ಮನೆಯವರು ಗೋಡೆ ನೋಡುತ್ತಾ, "ಇಲ್ಲ ಅತ್ತೆ. ಸರಿ ಮಾಡಿದಾರೆ" ಅಂದರು.

"ಹಾಗಾದ್ರೆ ಯಾವುದನ್ನ ಉಳಿಸಿದ್ರು? ಬೆಂಚಿರೋದಾ?"

ಅವರ ಕೈಲಿ ಆಗಲಿಲ್ಲ, ನಾನೇ ಹೇಳಿದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಎರಡೂ ಇಲ್ಲ ಅಮ್ಮ, ಅವನು ಯಾವ ಲೆಕ್ಕದಲ್ಲೂ ಇಲ್ಲ ಅಂದೆ. ಹೇಗೆ ಅಂತಲೂ ಹೇಳಿದೆ. ಅಮ್ಮ ರೇಡಿಯೋ ಆರಿಸಿದಳು. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಅತ್ತಿದ್ದು ನಾನು. ಅಮ್ಮ ನಮಗೆ ಬಡಿಸಿ, ತಾನೂ ಉಂಡು, ಮೊಳೆಗೆ ತೂಗುಹಾಕಿದ್ದ ಬಸ್ಸಿನ ಕೀಯನ್ನು ಬಟ್ಟೆಯಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು.

ಮಾರನೇ ದಿನ ನಾವು ಎಂದಿನಂತೆ ಕಚೇರಿಗೆ ಹೋದೆವು. ಸತ್ತವರ ಎಣಿಕೆ ಮುಗಿದರೂ ಕಚೇರಿ ಮುಗಿಯುವುದಿಲ್ಲ, ಇನ್ನು ಕೈಕಾಲು ಕಳೆದುಕೊಂಡವರ ಎಣಿಕೆ. ಅದಕ್ಕೂ ಎರಡು ವಿಭಾಗ. ಹತ್ತು ಗಂಟೆಯ ಸುಮಾರಿಗೆ ಗಾಜಿನ ಬಾಗಿಲು ತಳ್ಳಿಕೊಂಡು ಅಮ್ಮ ಒಳಗೆ ಬಂದಳು. ಒಳ್ಳೆಯ ಬಟ್ಟೆ ಉಟ್ಟಿದ್ದಳು. ನನ್ನ ಕಡೆಯಾಗಲಿ ಅಳಿಯನ ಕಡೆಯಾಗಲಿ ನೋಡಲಿಲ್ಲ. ನೇರವಾಗಿ ಪಾಪ ಸಾಹೇಬರ ಮೇಜಿನ ಮುಂದೆ ನಿಂತು ಕೀ ತೆಗೆದಿಟ್ಟಳು.

"ಸತ್ತೋರನ್ನೆಲ್ಲ ಎಣಿಸಿ ಮುಗಿಸಿದೀರಂತೆ. ರೇಡಿಯೋದಲ್ಲಿ ಕೇಳಿದೆ. ನನ್ನ ಮಗ ಅದರಲ್ಲಿ ಇಲ್ವಂತೆ. ಬಹಳ ಸಂತೋಷ. ಕರೀರಿ ಅವನನ್ನ, ಮನೆಗೆ ಕರ್ಕೊಂಡು ಹೋಗ್ತೀನಿ."

ಪಾಪ ಸಾಹೇಬರು "ಪಾಪ" ಅಂದರು. ಕಣ್ಣು ಒದ್ದೆ ಮಾಡಿಕೊಂಡರು. ಆಮೇಲೆ ಕೈ ಎತ್ತಿ ಎಡಗಡೆಗೆ ತೋರಿಸಿ, "ಸೈನ್ಯದ ಬಸ್ಸಲ್ಲಿ ಹೋದೋನಲ್ವಾ ಅಮ್ಮ, ಅಲ್ಲಿ ಕೇಳಿ" ಅಂದರು. ಅಮ್ಮ ಕೀ ಎತ್ತಿಕೊಂಡು ಎಡಗಡೆಗೆ ಹೋಗಿ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದಳು. ಮೇಜರ್ ಎದ್ದು ನಿಂತು, ಬಹಳ ಮರ್ಯಾದೆಯಿಂದ ಬಲಗಡೆಗೆ ತೋರಿಸಿದರು.

ಅಮ್ಮ ಅತ್ತ ನೋಡಿದಳು, ಇತ್ತ ನೋಡಿದಳು. ನಮ್ಮ ಸಾಲಿನಿಂದ ಒಂದು ಕುರ್ಚಿ ಎಳೆದು ತಂದು ಸರಿಯಾಗಿ ಮಧ್ಯದಲ್ಲಿ, ನೆಲದ ಮೇಲೆ ನಾಲ್ಕು ಕಾಲಿನ ಗುರುತಿದ್ದಲ್ಲಿ ಹಾಕಿಕೊಂಡು ಕೂತಳು. ಕೀಯನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಪರವಾಗಿಲ್ಲ, ಕಾಯ್ತೀನಿ" ಅಂದಳು. "ಇಷ್ಟು ದಿನ ಅವನು ಕೂತಿದ್ದ ಜಾಗ ತಾನೆ."

ಅವಳನ್ನು ಎಬ್ಬಿಸುವುದು ಯಾರ ಕೆಲಸ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ನಮ್ಮ ವಿ‍ಭಾಗದ್ದಲ್ಲ ಅನ್ನುತ್ತಾರೆ ಪಾಪ ಸಾಹೇಬರು, ನಮ್ಮದೂ ಅಲ್ಲ ಅನ್ನುತ್ತಾರೆ ಮೇಜರ್. ಅಮ್ಮ ದಿನಾ ನಮ್ಮ ಜೊತೆಗೇ ಬರುತ್ತಾಳೆ. ಬೆಳಿಗ್ಗೆ ಎರಡು ಊಟದ ಡಬ್ಬಿ ಕಟ್ಟುತ್ತಿದ್ದ ನಾನು ಈಗ ಮೂರು ಕಟ್ಟುತ್ತೇನೆ.